ಕಡಲಿನ ಅಕಶೇರುಕ ಪ್ರಾಣಿಗಳ ಪ್ರಭೇದ ನಿರ್ಣಯದಲ್ಲಿ ಡಿಎನ್‌ಎ ವಿಧಾನ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಏಡಿ, ಸಿಗಡಿ, ಬಳಚು, ಕಪ್ಪೆಚಿಪ್ಪು, ಬೊಂಡಾಸ್, ನಕ್ಷತ್ರಮೀನು, ಕಡಲ ಸೌತೆ, ಹವಳ, ಸ್ಪಂಜು ಮುಂತಾದ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಅಕಶೇರುಕಗಳೆಂದು ಕರೆಯಲಾಗುತ್ತದೆ. ಕಡಲಿನಲ್ಲಿ ವಾಸಿಸುವ ಪ್ರಾಣಿ ಪ್ರಭೇದಗಳಲ್ಲಿ ಬಹುಪಾಲು ಈ ಗುಂಪಿಗೆ ಸೇರಿದವುಗಳಾಗಿವೆ. ಇವುಗಳಲ್ಲಿ ಕೆಲವು ಕರಾವಳಿಯ ಜನರ ಆಹಾರಕ್ಕೂ ಜೀವನೋಪಾಯಕ್ಕೂ ಆಧಾರವಾಗಿದ್ದರೆ, ಮತ್ತೆ ಕೆಲವು ಕಾನೂನಿನ ರಕ್ಷಣೆಗೆ ಒಳಪಟ್ಟಿವೆ.

ಆದುದರಿಂದ ಒಂದು ಪ್ರಾಣಿಯು ಯಾವ ಪ್ರಭೇದಕ್ಕೆ ಸೇರಿದುದೆಂಬ ಪ್ರಶ್ನೆಯು ವಿದ್ವಾಂಸರ ಚರ್ಚೆಗೆ ಮಾತ್ರ ಸೀಮಿತವಾದುದಲ್ಲ. ಸಾಕಣೆಗೆಂದು ಖರೀದಿಸಿದ ಏಡಿ ಮರಿಯು ಎಷ್ಟು ತೂಕಕ್ಕೆ ಬೆಳೆಯುವುದು, ಅಳಿವೆಯಲ್ಲಿ ಹೊಸದಾಗಿ ಕಾಣಿಸಿಕೊಂಡ ಚಿಪ್ಪುಜೀವಿಯು ಸ್ಥಳೀಯವಾದುದೇ ಅಥವಾ ಹೊರದೇಶದಿಂದ ಬಂದುದೇ, ಒಣಗಿಸಿದ ಸರಕು ನಿಷೇಧಿತ ಪ್ರಾಣಿಯದೇ ಅಲ್ಲವೇ ಎಂಬ ಪ್ರಶ್ನೆಗಳಿಗೆ ಉತ್ತರವು ಪ್ರಭೇದದ ಸರಿಯಾದ ಹೆಸರನ್ನು ಅವಲಂಬಿಸಿರುತ್ತದೆ.

ಏಡಿ ಮತ್ತು ಚಿಪ್ಪುಜೀವಿ ಸಾಕಣೆದಾರರು, ಮೀನುಗಾರರ ಸಹಕಾರ ಸಂಘಗಳು, ರಫ್ತುದಾರರು, ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಹಾಗೂ ಸಂಶೋಧನಾ ವಿದ್ಯಾರ್ಥಿಗಳು ಪ್ರಭೇದ ನಿರ್ಣಯಕ್ಕಾಗಿ ಅಥವಾ ಮಾದರಿ ಸಂಗ್ರಹದ ಅನುಮತಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಪುಟದಲ್ಲಿನ ಮಾಹಿತಿಯನ್ನು ಓದಿಕೊಳ್ಳಬೇಕಾಗಿ ಕೋರಲಾಗಿದೆ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಡಿಎನ್‌ಎ ಪರೀಕ್ಷೆಯು ಎರಡು ಪ್ರಾಣಿಗಳ ನಡುವಿನ ಸಾಮ್ಯ ಮತ್ತು ವ್ಯತ್ಯಾಸವನ್ನು ಅಳೆದು ತೋರಿಸುತ್ತದೆ. ಆ ಪ್ರಾಣಿಯ ಹೆಸರನ್ನು ತಾನಾಗಿಯೇ ಹೇಳುವುದಿಲ್ಲ. ಹೆಸರು ದೊರೆಯಬೇಕಾದರೆ ತಜ್ಞರು ನೋಡಿ ಗುರುತಿಸಿದ, ಸಂಗ್ರಹಾಲಯದಲ್ಲಿ ಕಾಪಿಟ್ಟ ಮಾದರಿಯೊಂದರ ಜೊತೆ ಅದನ್ನು ಹೋಲಿಸಬೇಕಾಗುತ್ತದೆ.

2. ಕಣ್ಣಿನ ಪರಿಶೀಲನೆ ಏಕೆ ಸಾಲದು?

ಪ್ರಾಣಿಗಳ ವರ್ಗೀಕರಣವು ಬಹುಕಾಲದಿಂದ ದೇಹರಚನೆಯ ಆಧಾರದ ಮೇಲೆ ನಡೆದು ಬಂದಿದೆ. ಚಿಪ್ಪಿನ ಆಕಾರ, ಮುಳ್ಳುಗಳ ಸಂಖ್ಯೆ, ಕಾಲುಗಳ ಮೇಲಿನ ಗುರುತು, ಚರ್ಮದೊಳಗಿನ ಸೂಕ್ಷ್ಮ ಸುಣ್ಣದ ಕಣಗಳು ಮುಂತಾದವು ಇದಕ್ಕೆ ಆಧಾರಗಳು. ಈ ವಿಧಾನವು ಇಂದಿಗೂ ಅವಶ್ಯಕವಾದುದು. ಆದರೆ ಕಡಲಿನ ಅಕಶೇರುಕಗಳ ವಿಷಯದಲ್ಲಿ ಈ ಕೆಳಕಂಡ ತೊಡಕುಗಳಿವೆ.

(ಅ) ಒಂದೇ ಪ್ರಭೇದದ ಪ್ರಾಣಿಗಳು ನೀರಿನ ಉಪ್ಪಿನಂಶ, ಅಲೆಯ ಹೊಡೆತ ಮತ್ತು ಆಹಾರಕ್ಕೆ ಅನುಗುಣವಾಗಿ ಬೇರೆ ಬೇರೆ ಆಕಾರ ತಾಳುವುದುಂಟು. ಹವಳ ಮತ್ತು ಚಿಪ್ಪುಜೀವಿಗಳಲ್ಲಿ ಇದು ಸಾಮಾನ್ಯ.

(ಆ) ಬಹುತೇಕ ಪ್ರಾಣಿಗಳ ಮರಿಗಳು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಾಗಿದ್ದು, ಬೆಳೆದ ಪ್ರಾಣಿಯನ್ನು ಯಾವ ರೀತಿಯಲ್ಲೂ ಹೋಲುವುದಿಲ್ಲ.

(ಇ) ಬೇಯಿಸಿದ, ಒಣಗಿಸಿದ ಅಥವಾ ಚಿಪ್ಪು ತೆಗೆದ ಸರಕಿನಲ್ಲಿ ಗುರುತಿನ ಲಕ್ಷಣಗಳು ನಾಶವಾಗಿರುತ್ತವೆ.

(ಈ) ಕಡಲಿನ ಅನೇಕ ಪ್ರಾಣಿಗಳು ಮೊಟ್ಟೆ ಮತ್ತು ವೀರ್ಯಾಣುಗಳನ್ನು ನೀರಿಗೇ ಬಿಡುತ್ತವೆ. ತಮ್ಮ ಜಾತಿಯ ಗುರುತನ್ನು ಅವು ಬಣ್ಣ ಅಥವಾ ರೂಪದಿಂದಲ್ಲದೆ ರಾಸಾಯನಿಕ ಸಂಜ್ಞೆಗಳಿಂದ ಹಿಡಿಯುತ್ತವೆ. ಹೀಗಾಗಿ ಎರಡು ಪ್ರಭೇದಗಳು ಸಂಪೂರ್ಣವಾಗಿ ಬೇರ್ಪಟ್ಟಿದ್ದರೂ ಮನುಷ್ಯನ ಕಣ್ಣಿಗೆ ಒಂದೇ ರೀತಿ ಕಾಣಬಹುದು. ಇಂಥವುಗಳನ್ನು ಗೂಢ ಪ್ರಭೇದಗಳೆಂದು ಕರೆಯಲಾಗುತ್ತದೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಕ್ಯಾಪಿಟೆಲ್ಲಾ ಕ್ಯಾಪಿಟೇಟಾ ಎಂಬ ಕಡಲ ಹುಳು. ಮಾಲಿನ್ಯವಿರುವ ಕೆಸರಿನಲ್ಲಿ ಹೇರಳವಾಗಿ ಬೆಳೆಯುವುದರಿಂದ ಇದನ್ನು ಮಾಲಿನ್ಯದ ಸೂಚಕವೆಂದು ವಿಶ್ವದಾದ್ಯಂತ ಬಳಸಲಾಗುತ್ತಿತ್ತು. ಅಮೆರಿಕದ ಜುಡಿತ್ ಗ್ರಾಸಲ್ ಮತ್ತು ಫ್ರೆಡರಿಕ್ ಗ್ರಾಸಲ್ ಅವರು 1976ರಲ್ಲಿ ಇದರ ಕಿಣ್ವಗಳನ್ನು ಪರೀಕ್ಷಿಸಿ, ಒಂದೇ ಎಂದು ತಿಳಿದಿದ್ದ ಈ ಹುಳುವಿನಲ್ಲಿ ಕನಿಷ್ಠ ಆರು ಪ್ರಭೇದಗಳಿರುವುದನ್ನು ತೋರಿಸಿದರು. ಅವುಗಳ ದೇಹರಚನೆಯಲ್ಲಿ ವ್ಯತ್ಯಾಸ ಅತ್ಯಲ್ಪವಾಗಿದ್ದರೂ ಸಂತಾನೋತ್ಪತ್ತಿಯ ಕ್ರಮವು ಬೇರೆ ಬೇರೆಯಾಗಿತ್ತು. ಒಂದೇ ಹೆಸರಿನಡಿ ಬರೆದಿಟ್ಟ ಹಳೆಯ ದಾಖಲೆಗಳನ್ನು ಅನಂತರ ಎಚ್ಚರಿಕೆಯಿಂದ ಓದಬೇಕಾಯಿತು.

3. ಡಿಎನ್‌ಎ ವಿಧಾನದ ಪರಿಚಯ

ಪ್ರತಿಯೊಂದು ಜೀವಕೋಶದಲ್ಲಿರುವ ಡಿಎನ್‌ಎಯು ನಾಲ್ಕು ಬಗೆಯ ರಾಸಾಯನಿಕ ಘಟಕಗಳ ದೀರ್ಘ ಸಾಲಾಗಿದೆ. ಈ ಘಟಕಗಳನ್ನು ಅಕ್ಷರಗಳೆಂದು ಭಾವಿಸಿದರೆ, ಹತ್ತಿರದ ಸಂಬಂಧಿಗಳಲ್ಲಿ ಸಾಲುಗಳು ಹೆಚ್ಚು ಹೋಲುತ್ತವೆ. ದೂರದ ಸಂಬಂಧಿಗಳಲ್ಲಿ ವ್ಯತ್ಯಾಸ ಹೆಚ್ಚಾಗಿರುತ್ತದೆ.

ಕೆನಡಾದ ಗುಯೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಎಲ್ಲ ಪ್ರಾಣಿಗಳಲ್ಲೂ ಇರುವ ಒಂದೇ ವಂಶವಾಹಿಯ ಒಂದು ನಿರ್ದಿಷ್ಟ ತುಂಡನ್ನು ಓದಿ, ಅಂಗಡಿಯ ಸರಕಿನ ಮೇಲಿನ ಬಾರ್‌ಕೋಡ್‌ನಂತೆ ಗುರುತಿಗೆ ಬಳಸಬಹುದೆಂಬುದೇ ಆ ಸಲಹೆ. ಆ ವಂಶವಾಹಿಗೆ ಸಿಒಐ ಎಂದು ಸಂಕ್ಷಿಪ್ತ ಹೆಸರು. ಇದು ಜೀವಕೋಶದ ಶಕ್ತಿ ಉತ್ಪಾದನೆಯ ಘಟಕವಾದ ಮೈಟೊಕಾಂಡ್ರಿಯದಲ್ಲಿ ಇರುತ್ತದೆ. ಓದಲಾಗುವ ತುಂಡಿನ ಉದ್ದ ಸುಮಾರು 650 ಅಕ್ಷರಗಳು. ಈ ತುಂಡನ್ನು ಹೆಚ್ಚಿನ ಅಕಶೇರುಕಗಳಿಂದ ಪಡೆಯಲು ಅನುಕೂಲವಾಗುವ ರಾಸಾಯನಿಕ ಸಾಧನಗಳನ್ನು ಫೋಲ್ಮರ್ ಮತ್ತು ಸಂಗಡಿಗರು 1994ರಲ್ಲಿಯೇ ಪ್ರಕಟಿಸಿದ್ದರು.

ಪ್ರಯೋಗಾಲಯದಲ್ಲಿ ಕೆಲಸವು ಈ ಕ್ರಮದಲ್ಲಿ ನಡೆಯುತ್ತದೆ.

(1) ಪ್ರಾಣಿಯ ಸ್ನಾಯುವಿನ ಸಣ್ಣ ತುಂಡಿನಿಂದ ಡಿಎನ್‌ಎಯನ್ನು ಬೇರ್ಪಡಿಸಲಾಗುತ್ತದೆ.
(2) ಬೇಕಾದ ಭಾಗವನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಲಾಗುತ್ತದೆ.
(3) ಪ್ರತಿಗಳ ಅಕ್ಷರಗಳ ಸಾಲನ್ನು ಎರಡೂ ದಿಕ್ಕುಗಳಿಂದ ಓದಿ ತಾಳೆ ನೋಡಲಾಗುತ್ತದೆ.
(4) ದೊರೆತ ಸಾಲನ್ನು ಆಧಾರ ದತ್ತಸಂಚಯಗಳಲ್ಲಿರುವ ಸಾಲುಗಳೊಂದಿಗೆ ಹೋಲಿಸಲಾಗುತ್ತದೆ. ಗುಯೆಲ್ಫ್‌ನ ಬೋಲ್ಡ್ ಮತ್ತು ಅಮೆರಿಕದ ಜೆನ್‌ಬ್ಯಾಂಕ್ ಈ ಉದ್ದೇಶಕ್ಕೆ ಹೆಚ್ಚಾಗಿ ಬಳಕೆಯಲ್ಲಿವೆ.
(5) ಹೋಲಿಕೆಯ ಫಲಿತಾಂಶವನ್ನು ಪ್ರಾಣಿಯ ದೇಹಲಕ್ಷಣಗಳೊಂದಿಗೆ ಸೇರಿಸಿ ನೋಡಿ ವರದಿ ನೀಡಲಾಗುತ್ತದೆ.

ಐದನೆಯ ಹಂತವನ್ನು ಬಿಟ್ಟು ಕೇವಲ ನಾಲ್ಕನೆಯ ಹಂತದ ಫಲಿತಾಂಶವನ್ನು ಪ್ರಭೇದ ನಿರ್ಣಯವೆಂದು ಭಾವಿಸುವುದು ಸರಿಯಾದ ಕ್ರಮವಲ್ಲ. ಇದರ ಕಾರಣವನ್ನು ಮುಂದಿನ ಉದಾಹರಣೆಗಳಿಂದ ತಿಳಿಯಬಹುದು.

4. ಕೆಸರು ಏಡಿಯ ಹೆಸರು: ಒಂದು ಉದಾಹರಣೆ

ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ ಮುಂತಾದ ಅಳಿವೆಗಳಲ್ಲಿಯೂ ಕಾಂಡ್ಲಾ ಗಿಡಗಳ ಕೆಸರಿನಲ್ಲಿಯೂ ದೊರೆಯುವ ಕೆಸರು ಏಡಿಗೆ ಉತ್ತಮ ಬೆಲೆಯಿದೆ. ಇದು ಸಿಲ್ಲಾ ಎಂಬ ಕುಲಕ್ಕೆ ಸೇರಿದುದು. ಈ ಕುಲದಲ್ಲಿ ಎಷ್ಟು ಪ್ರಭೇದಗಳಿವೆ ಎಂಬ ವಿಷಯದಲ್ಲಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಗೊಂದಲವಿತ್ತು.

ಸ್ವೀಡನ್ನಿನ ನಿಸರ್ಗ ವಿಜ್ಞಾನಿ ಫೋರ್ಸ್‌ಕೋಲ್ ಅವರು ಕೆಂಪು ಸಮುದ್ರದಲ್ಲಿ ಕಂಡ ಏಡಿಗೆ ನೀಡಿದ ಸೆರ್ರಾಟಾ ಎಂಬ ಹೆಸರು 1775ರಲ್ಲಿ ಪ್ರಕಟವಾಯಿತು. 1798ರಲ್ಲಿ ಫ್ಯಾಬ್ರಿಸಿಯಸ್ ಅವರು ಟ್ರಾಂಕ್ವೆಬಾರಿಕಾ ಎಂಬ ಇನ್ನೊಂದು ಹೆಸರನ್ನು ನೀಡಿದರು. ಅದು ಇಂದಿನ ತಮಿಳುನಾಡಿನ ತರಂಗಂಬಾಡಿಯ ಹಳೆಯ ಹೆಸರಿನಿಂದ ಬಂದುದು. 1949ರಲ್ಲಿ ಫಿಲಿಪ್ಪೀನ್ಸ್‌ನ ಎಸ್ಟಂಪಡೋರ್ ಅವರು ಈ ಕುಲವನ್ನು ಮೂರು ಪ್ರಭೇದ ಮತ್ತು ಒಂದು ಉಪಬಗೆಯಾಗಿ ವಿಂಗಡಿಸಿದರು. 1960ರಲ್ಲಿ ಸ್ಟೀಫನ್ಸನ್ ಮತ್ತು ಕ್ಯಾಂಪ್‌ಬೆಲ್ ಅವರು ಇವೆಲ್ಲವನ್ನೂ ಒಂದೇ ಪ್ರಭೇದವೆಂದು ಪರಿಗಣಿಸಿದರು. ಎಲ್ಲರೂ ನೋಡಿದ್ದು ಚಿಪ್ಪು, ಮುಳ್ಳು ಮತ್ತು ಬಣ್ಣವನ್ನೇ. ತಲುಪಿದ ತೀರ್ಮಾನ ಮಾತ್ರ ಬೇರೆ ಬೇರೆ.

1998ರಲ್ಲಿ ಕೀನನ್, ಡೇವಿ ಮತ್ತು ಮ್ಯಾನ್ ಅವರು ಕಿಣ್ವಗಳ ಪರೀಕ್ಷೆ, ಮೈಟೊಕಾಂಡ್ರಿಯದ ಡಿಎನ್‌ಎ ಮತ್ತು ದೇಹದ ಅಳತೆ ಈ ಮೂರನ್ನೂ ಒಟ್ಟಿಗೆ ಬಳಸಿ ಈ ಕುಲವನ್ನು ಪುನರ್ ಪರಿಶೀಲಿಸಿದರು. ನಾಲ್ಕು ಪ್ರಭೇದಗಳು ಸ್ಪಷ್ಟವಾದವು. ಅವು ಸಿಲ್ಲಾ ಸೆರ್ರಾಟಾ, ಸಿಲ್ಲಾ ಟ್ರಾಂಕ್ವೆಬಾರಿಕಾ, ಸಿಲ್ಲಾ ಪ್ಯಾರಮಮೊಸೈನ್ ಮತ್ತು ಸಿಲ್ಲಾ ಒಲಿವೇಸಿಯಾ. ಮೂಲ ಹೆಸರು ಬಂದ ಕೆಂಪು ಸಮುದ್ರದ ಏಡಿಗಳನ್ನೂ ಹೋಲಿಕೆಗೆ ತೆಗೆದುಕೊಂಡುದರಿಂದ ಹಳೆಯ ಹೆಸರು ಯಾವುದಕ್ಕೆ ಸಲ್ಲಬೇಕೆಂಬುದೂ ತಿಳಿಯಿತು.

ಭಾರತದಲ್ಲಿ ಮೀನುಗಾರರು ದೊಡ್ಡ ಬಗೆ, ಸಣ್ಣ ಬಗೆ ಎಂದು ಎರಡನ್ನು ಹಿಂದಿನಿಂದಲೂ ಬೇರ್ಪಡಿಸುತ್ತಿದ್ದರು. ಆದರೆ ವಿಜ್ಞಾನದ ಬರಹಗಳಲ್ಲಿ ಸಣ್ಣದನ್ನು ಸೆರ್ರಾಟಾ ಎಂದೂ ದೊಡ್ಡದನ್ನು ಟ್ರಾಂಕ್ವೆಬಾರಿಕಾ ಎಂದೂ ಬರೆಯುವ ರೂಢಿ ಬೆಳೆದಿತ್ತು. 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಭಾರತದ ಕರಾವಳಿಯ ಏಡಿಗಳನ್ನು ಪರೀಕ್ಷಿಸಿ, ಆ ಮಾದರಿಗಳಲ್ಲಿ ಎರಡೇ ಪ್ರಭೇದಗಳಿರುವುದನ್ನು ಕಂಡಿತು. ದೊಡ್ಡದು ನಿಜವಾದ ಸಿಲ್ಲಾ ಸೆರ್ರಾಟಾ. ಸಣ್ಣದು ಸಿಲ್ಲಾ ಒಲಿವೇಸಿಯಾ. ನಮ್ಮ ದೇಶದ ಊರಿನ ಹೆಸರನ್ನೇ ಹೊತ್ತ ಟ್ರಾಂಕ್ವೆಬಾರಿಕಾ ಆ ಮಾದರಿಗಳಲ್ಲಿ ದೊರೆಯಲಿಲ್ಲ. ಮೀನುಗಾರರು ಮಾಡಿದ್ದ ವಿಂಗಡಣೆ ಸರಿಯಾಗಿಯೇ ಇತ್ತು; ಅದಕ್ಕೆ ಅಂಟಿಸಿದ್ದ ಹೆಸರುಗಳು ಮಾತ್ರ ತಪ್ಪಾಗಿದ್ದವು.

ಈ ಬದಲಾವಣೆಯ ಪರಿಣಾಮ ಸಾಕಣೆದಾರರ ಮೇಲೆ ನೇರವಾಗಿ ಆಗುತ್ತದೆ. ಸಿಲ್ಲಾ ಸೆರ್ರಾಟಾ ಎರಡು ಕಿಲೋಗ್ರಾಂಗಿಂತಲೂ ಹೆಚ್ಚು ತೂಗಬಲ್ಲದು. ಸಿಲ್ಲಾ ಒಲಿವೇಸಿಯಾ ಅಷ್ಟು ದೊಡ್ಡದಾಗುವುದಿಲ್ಲ. ಹಳೆಯ ಪುಸ್ತಕದಲ್ಲಿ ಸೆರ್ರಾಟಾ ಎಂಬ ಹೆಸರಿನಡಿ ಇರುವ ಬೆಳವಣಿಗೆಯ ಪ್ರಮಾಣ ಮತ್ತು ಪ್ರೌಢಾವಸ್ಥೆಯ ಗಾತ್ರವು ವಾಸ್ತವದಲ್ಲಿ ಒಲಿವೇಸಿಯಾಕ್ಕೆ ಸಂಬಂಧಿಸಿದ್ದಾಗಿರಬಹುದು. ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಂಗಸಂಸ್ಥೆಯಾದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರವು ತಮಿಳುನಾಡಿನಲ್ಲಿ ಮರಿ ಉತ್ಪಾದನೆಗೆ ಆರಿಸಿಕೊಂಡಿರುವುದು ಸಿಲ್ಲಾ ಸೆರ್ರಾಟಾ ಪ್ರಭೇದವನ್ನೇ. ಅಳಿವೆಯಿಂದ ಹಿಡಿದು ತಂದ ಮಿಶ್ರ ಮರಿಗಳನ್ನು ಕೊಳ್ಳುವವರು ಈ ವ್ಯತ್ಯಾಸವನ್ನು ಅರಿತಿರುವುದು ಒಳ್ಳೆಯದು.

ಪ್ರಭೇದಗಳು ಡಿಎನ್‌ಎಯಿಂದ ಸ್ಪಷ್ಟವಾದ ಮೇಲೆ ಅವುಗಳನ್ನು ಕಣ್ಣಿನಿಂದಲೇ ಗುರುತಿಸುವ ಲಕ್ಷಣಗಳೂ ಖಚಿತವಾದವು. ಬೆಳೆದ ಏಡಿಗಳಲ್ಲಿ ಇವು ಈ ಕೆಳಕಂಡಂತಿವೆ.

ಸಿಲ್ಲಾ ಸೆರ್ರಾಟಾ: ಕಣ್ಣುಗಳ ನಡುವಿನ ಹಲ್ಲುಗಳು ಎತ್ತರವಾಗಿರುತ್ತವೆ. ಇಕ್ಕಳದಂತಿರುವ ದೊಡ್ಡ ಕಾಲಿನ ಮಣಿಕಟ್ಟಿನ ಹೊರಬದಿಯಲ್ಲಿ ಎರಡು ಚೂಪಾದ ಮುಳ್ಳುಗಳಿರುತ್ತವೆ. ಎಲ್ಲ ಕಾಲುಗಳ ಮೇಲೆ ಜೇನುಹಟ್ಟಿನಂತಹ ಬಲೆಗುರುತು ಇರುತ್ತದೆ.

ಸಿಲ್ಲಾ ಒಲಿವೇಸಿಯಾ: ಕಣ್ಣುಗಳ ನಡುವಿನ ಹಲ್ಲುಗಳು ತಗ್ಗಾಗಿ, ದುಂಡಗಿರುತ್ತವೆ. ಮಣಿಕಟ್ಟಿನ ಮುಳ್ಳುಗಳು ಕುಗ್ಗಿರುತ್ತವೆ. ಬಲೆಗುರುತು ಸ್ಪಷ್ಟವಾಗಿರುವುದಿಲ್ಲ.

ಹೀಗಾಗಿ ಬೆಳೆದ, ಅಂಗ ಊನವಾಗದ ಏಡಿಗೆ ಪ್ರತಿ ಬಾರಿಯೂ ಡಿಎನ್‌ಎ ಪರೀಕ್ಷೆ ಅವಶ್ಯವಿಲ್ಲ. ಮರಿ, ತುಂಡು ಮಾಡಿದ ಮಾಂಸ ಅಥವಾ ಲಕ್ಷಣಗಳು ಮಿಶ್ರವಾಗಿ ತೋರುವ ಮಾದರಿಗಳಿಗೆ ಮಾತ್ರ ಅದು ಉಪಯುಕ್ತ.

5. ಇತರೆ ಉದಾಹರಣೆಗಳು

5.1 ಎರಡು ಹೆಸರು, ಒಂದೇ ಪ್ರಭೇದ

ಕೇರಳದ ದಕ್ಷಿಣ ತೀರದಿಂದ ಕನ್ಯಾಕುಮಾರಿಯ ಕಡೆಗೆ ಬಂಡೆಗಳ ಮೇಲೆ ಬೆಳೆಯುವ ಕಂದು ಬಣ್ಣದ ಕಪ್ಪೆಚಿಪ್ಪನ್ನು 1976ರಲ್ಲಿ ಕುರಿಯಾಕೋಸ್ ಮತ್ತು ನಾಯರ್ ಅವರು ಪೆರ್ನಾ ಇಂಡಿಕಾ ಎಂಬ ಹೊಸ ಪ್ರಭೇದವೆಂದು ವಿವರಿಸಿದರು. ಇದು ಭಾರತಕ್ಕೇ ಮೀಸಲಾದುದೆಂದು ನಂಬಲಾಗಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನವು ಡಿಎನ್‌ಎ ಮತ್ತು ದೇಹರಚನೆಯನ್ನು ಜೊತೆಯಾಗಿ ನೋಡಿ, ಇದು 1758ರಲ್ಲಿಯೇ ಲಿನೇಯಸ್ ಹೆಸರಿಸಿದ್ದ ಪೆರ್ನಾ ಪೆರ್ನಾ ಎಂದೂ, ಒಮಾನ್ ಪ್ರದೇಶದಿಂದ ನೂರು ವರ್ಷಗಳಿಗೂ ಹಿಂದೆ ದಕ್ಷಿಣ ಭಾರತಕ್ಕೆ ಬಂದಿರಬೇಕೆಂದೂ ತೀರ್ಮಾನಿಸಿತು. ಕೆಸರು ಏಡಿಯಲ್ಲಿ ಒಂದೇ ಹೆಸರು ಬೇರೆ ಬೇರೆ ಪ್ರಭೇದಗಳಿಗೆ ಸಂದಿದ್ದರೆ, ಇಲ್ಲಿ ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದವು. ಡಿಎನ್‌ಎ ವಿಧಾನವೆಂದರೆ ಪ್ರಭೇದಗಳ ಸಂಖ್ಯೆಯನ್ನು ಹೆಚ್ಚಿಸುವ ಸಾಧನವೆಂಬ ತಿಳಿವಳಿಕೆ ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ.

5.2 ಹೊರಗಿನಿಂದ ಬಂದ ಕಪ್ಪೆಚಿಪ್ಪು

ಅಮೆರಿಕ ಖಂಡದ ಉಷ್ಣವಲಯದ ತೀರಗಳಿಗೆ ಸೇರಿದ ಮೈಟೆಲ್ಲಾ ಸ್ಟ್ರೈಗೇಟಾ ಎಂಬ ಕಪ್ಪೆಚಿಪ್ಪು ಫಿಲಿಪ್ಪೀನ್ಸ್ ಮತ್ತು ಸಿಂಗಪುರದಲ್ಲಿ ಕಾಣಿಸಿಕೊಂಡ ನಂತರ ಕೇರಳದ ಹಿನ್ನೀರುಗಳಲ್ಲಿಯೂ ಹರಡಿರುವುದು 2019ರಲ್ಲಿ ವರದಿಯಾಯಿತು. ಇದು ದಟ್ಟವಾಗಿ ಬೆಳೆದು ಸ್ಥಳೀಯ ಚಿಪ್ಪುಜೀವಿಗಳ ನೆಲೆಯನ್ನು ಆಕ್ರಮಿಸುತ್ತದೆ. ಇದರ ಚಿಪ್ಪು ಕಪ್ಪು, ಕಂದು, ಹಸಿರು, ಹಳದಿ ಹೀಗೆ ಹಲವು ಬಣ್ಣಗಳಲ್ಲಿರುವುದರಿಂದ ಬಣ್ಣ ನೋಡಿ ಗುರುತಿಸುವುದು ಕಷ್ಟ. ಏಷ್ಯಾದ ಹಲವೆಡೆ ಇದರ ಗುರುತನ್ನು ಸಿಒಐ ವಂಶವಾಹಿಯ ಮೂಲಕ ಖಚಿತಪಡಿಸಿಕೊಳ್ಳಲಾಗಿದೆ. ಬಳಚು ಮತ್ತು ಮರುವಾಯಿ ಸಂಗ್ರಹವನ್ನು ಅವಲಂಬಿಸಿದ ಅಳಿವೆಗಳ ಜನರು ಹಿಂದೆ ಕಾಣದ ಚಿಪ್ಪುಜೀವಿಯನ್ನು ಕಂಡಲ್ಲಿ, ಅದನ್ನು ಬೇರೆ ಅಳಿವೆಗೆ ಸಾಗಿಸದೆ ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಗೆ ತಿಳಿಸಬೇಕಾಗಿ ಕೋರಲಾಗಿದೆ.

5.3 ಒಣಗಿಸಿದ ಕಡಲ ಸೌತೆ

ಕಡಲ ಸೌತೆಯನ್ನು ಕರುಳು ತೆಗೆದು, ಬೇಯಿಸಿ, ಒಣಗಿಸಿದಾಗ ಅದರ ಬಣ್ಣ ಮತ್ತು ಆಕಾರ ಎರಡೂ ಉಳಿಯುವುದಿಲ್ಲ. ಇಂತಹ ಸರಕಿನಲ್ಲಿ ಚರ್ಮದ ಸುಣ್ಣದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಥವಾ ಉಳಿದಿರುವ ಡಿಎನ್‌ಎಯನ್ನು ಓದಿ ಪ್ರಭೇದವನ್ನು ತಿಳಿಯಲಾಗುತ್ತದೆ. ಭಾರತದಲ್ಲಿ 2001ರ ಜುಲೈ ತಿಂಗಳಲ್ಲಿ ಎಲ್ಲ ಕಡಲ ಸೌತೆಗಳನ್ನು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಅಧಿನಿಯಮದ ಅನುಸೂಚಿಗಳು 2022ರ ತಿದ್ದುಪಡಿಯ ಮೂಲಕ ಪುನರ್ರಚನೆಗೊಂಡು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಯಾವ ಪ್ರಾಣಿ ಯಾವ ಅನುಸೂಚಿಯಲ್ಲಿದೆ ಎಂಬುದನ್ನು ತಿದ್ದುಪಡಿಯಾದ ಪಾಠದಲ್ಲಿಯೇ ನೋಡತಕ್ಕದ್ದು.

6. ವಿಧಾನದ ಮಿತಿಗಳು

ಅರ್ಜಿದಾರರು ಡಿಎನ್‌ಎ ವರದಿಯನ್ನು ಪ್ರಶ್ನಾತೀತವೆಂದು ಭಾವಿಸಬಾರದು. ಈ ಕೆಳಕಂಡ ಮಿತಿಗಳನ್ನು ಗಮನದಲ್ಲಿರಿಸಿಕೊಳ್ಳುವುದು.

(ಅ) ಹವಳ, ಕಡಲ ಬೀಸಣಿಗೆ ಮುಂತಾದವುಗಳಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಅತಿ ನಿಧಾನವಾಗಿ ಬದಲಾಗುತ್ತದೆ. ಸ್ಪಂಜುಗಳಲ್ಲಿಯೂ ಹೆಚ್ಚಾಗಿ ಹೀಗೆಯೇ. ಆದುದರಿಂದ ಬೇರೆ ಬೇರೆ ಪ್ರಭೇದಗಳಲ್ಲಿಯೂ ಸಿಒಐ ಸಾಲು ಒಂದೇ ಆಗಿರಬಹುದು. ಇವುಗಳಿಗೆ ಬೇರೆ ವಂಶವಾಹಿಗಳನ್ನು ಓದಬೇಕಾಗುತ್ತದೆ.

(ಆ) ಮೈಟಿಲಸ್ ಕುಲದ ಕಪ್ಪೆಚಿಪ್ಪುಗಳಲ್ಲಿ ಹಾಗೂ ಇತರೆ ಕೆಲವು ಚಿಪ್ಪುಜೀವಿಗಳಲ್ಲಿ ಗಂಡಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಬಗೆಯ ಮೈಟೊಕಾಂಡ್ರಿಯ ಬರುತ್ತದೆ. ಇವೆರಡರ ನಡುವಿನ ವ್ಯತ್ಯಾಸವು ಎರಡು ಪ್ರಭೇದಗಳ ನಡುವಿನಷ್ಟೇ ಇರಬಹುದು. ಇದನ್ನು ಅರಿಯದಿದ್ದಲ್ಲಿ ಒಂದೇ ಪ್ರಾಣಿಯನ್ನು ಎರಡು ಪ್ರಭೇದವೆಂದು ಎಣಿಸುವ ಸಂಭವವಿದೆ.

(ಇ) ಏಡಿ, ಸಿಗಡಿ ಮುಂತಾದ ಗುಂಪುಗಳಲ್ಲಿ ಮೈಟೊಕಾಂಡ್ರಿಯದ ವಂಶವಾಹಿಯ ಹಳೆಯ, ನಿಷ್ಕ್ರಿಯ ಪ್ರತಿಗಳು ಜೀವಕೋಶದ ಕೇಂದ್ರದಲ್ಲಿ ಉಳಿದಿರುವುದುಂಟು. ಯಂತ್ರವು ಅದನ್ನೇ ಓದಿದರೆ ಫಲಿತಾಂಶ ತಪ್ಪುತ್ತದೆ.

(ಈ) ಮೈಟೊಕಾಂಡ್ರಿಯವು ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುವುದರಿಂದ, ಎರಡು ಪ್ರಭೇದಗಳ ಮಿಶ್ರತಳಿಯು ತಾಯಿಯ ಪ್ರಭೇದವಾಗಿಯೇ ಕಾಣಿಸುತ್ತದೆ.

(ಉ) ದತ್ತಸಂಚಯದಲ್ಲಿರುವ ಹೆಸರು ಅದನ್ನು ಸಲ್ಲಿಸಿದವರು ನೀಡಿದ ಹೆಸರು. ಹಳೆಯ ರೂಢಿಯಂತೆ ಸಿಲ್ಲಾ ಒಲಿವೇಸಿಯಾವನ್ನು ಸೆರ್ರಾಟಾ ಎಂದು ಸಲ್ಲಿಸಿದ್ದಲ್ಲಿ, ಶೇಕಡ 100ರಷ್ಟು ಹೋಲಿಕೆ ಬಂದರೂ ಹೆಸರು ತಪ್ಪಾಗಿಯೇ ಇರುತ್ತದೆ.

(ಊ) ಇಂತಿಷ್ಟು ಶೇಕಡ ವ್ಯತ್ಯಾಸವಿದ್ದರೆ ಬೇರೆ ಪ್ರಭೇದವೆಂಬ ಒಂದೇ ಅಳತೆ ಎಲ್ಲ ಗುಂಪುಗಳಿಗೂ ಅನ್ವಯಿಸುವುದಿಲ್ಲ.

7. ಮಾದರಿಯನ್ನು ಸಂಗ್ರಹಿಸಿ ಕಳುಹಿಸುವ ಕ್ರಮ

ಪ್ರಯೋಗಾಲಯದಲ್ಲಿ ಪರೀಕ್ಷೆ ವಿಫಲವಾಗಲು ಮಾದರಿಯನ್ನು ಸರಿಯಾಗಿ ಕಾಪಿಡದಿರುವುದು ಸಾಮಾನ್ಯ ಕಾರಣ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಪಾಲಿಸುವುದು.

(1) ಪ್ರಾಣಿಯು ಜೀವಂತವಾಗಿರುವಾಗಲೇ ಅಥವಾ ತಾಜಾ ಇರುವಾಗಲೇ ಮೇಲ್ಭಾಗ, ಕೆಳಭಾಗ ಮತ್ತು ಮುಖಭಾಗದ ಛಾಯಾಚಿತ್ರಗಳನ್ನು ತೆಗೆಯುವುದು. ಪಕ್ಕದಲ್ಲಿ ಅಳತೆಪಟ್ಟಿ ಇರಿಸುವುದು. ಮದ್ಯಸಾರದಲ್ಲಿ ಬಣ್ಣ ಉಳಿಯುವುದಿಲ್ಲ.

(2) ಅಂಗಾಂಶವನ್ನು ಶೇಕಡ 95 ಅಥವಾ ಅದಕ್ಕಿಂತ ಹೆಚ್ಚು ಸಾಂದ್ರತೆಯ ಇಥನಾಲ್‌ನಲ್ಲಿ ಇರಿಸುವುದು. ಫಾರ್ಮಲಿನ್ ಬಳಸಬಾರದು, ಅದು ಡಿಎನ್‌ಎಯನ್ನು ತುಂಡರಿಸುತ್ತದೆ. ಬಣ್ಣ ಬೆರೆಸಿದ ಕೈಗಾರಿಕಾ ಸ್ಪಿರಿಟ್ ಕೂಡ ಸೂಕ್ತವಲ್ಲ.

(3) ಏಡಿ ಮತ್ತು ಸಿಗಡಿಗಳಲ್ಲಿ ಕಾಲಿನ ಸ್ನಾಯು, ಚಿಪ್ಪುಜೀವಿಗಳಲ್ಲಿ ಚಿಪ್ಪನ್ನು ಮುಚ್ಚುವ ಸ್ನಾಯು ಅಥವಾ ಪಾದದ ಭಾಗ ಉತ್ತಮ. ಹೆಸರುಕಾಳಿನಷ್ಟು ತುಂಡು ಸಾಕಾಗುತ್ತದೆ. ಕರುಳಿನ ಭಾಗವನ್ನು ಸೇರಿಸಬಾರದು. ತಿಂದ ಆಹಾರದ ಡಿಎನ್‌ಎ ಬೆರೆಯುತ್ತದೆ. ಕಪ್ಪೆಚಿಪ್ಪುಗಳಲ್ಲಿ, ಮೇಲೆ 6(ಆ)ರಲ್ಲಿ ತಿಳಿಸಿದ ಕಾರಣಕ್ಕಾಗಿ, ಪ್ರಜನನಾಂಗದ ಭಾಗವನ್ನು ಬಿಡುವುದು.

(4) ಇಥನಾಲ್ ಪ್ರಮಾಣವು ಅಂಗಾಂಶದ ಐದು ಪಟ್ಟಿಗಿಂತ ಕಡಿಮೆ ಇರಬಾರದು. 24 ಗಂಟೆಗಳ ನಂತರ ಅದನ್ನು ಒಮ್ಮೆ ಬದಲಾಯಿಸುವುದು.

(5) ಸ್ಥಳ, ದಿನಾಂಕ, ಆಳ, ಬಲೆ ಅಥವಾ ಹಿಡಿದ ವಿಧಾನ, ಹಿಡಿದವರ ಹೆಸರು ಹಾಗೂ ಸ್ಥಳೀಯವಾಗಿ ಕರೆಯುವ ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಬಾಟಲಿಯ ಒಳಗೇ ಹಾಕುವುದು. ಶಾಯಿಯು ಇಥನಾಲ್‌ನಲ್ಲಿ ಅಳಿಸಿಹೋಗುತ್ತದೆ.

(6) ಉಳಿದ ದೇಹವನ್ನು ಎಸೆಯದೆ ಅದೇ ಸಂಖ್ಯೆಯೊಂದಿಗೆ ಕಾಪಿಡುವುದು. ಇದನ್ನು ಸಾಕ್ಷಿ ಮಾದರಿ ಎನ್ನಲಾಗುತ್ತದೆ. ಮುಂದೆ ಹೆಸರಿನ ಬಗ್ಗೆ ಸಂದೇಹ ಬಂದಲ್ಲಿ ಮರುಪರಿಶೀಲನೆಗೆ ಇದೊಂದೇ ಆಧಾರ. ಸಾಕ್ಷಿ ಮಾದರಿಯಿಲ್ಲದ ಡಿಎನ್‌ಎ ಸಾಲನ್ನು, ಮೇಲ್ವಿಚಾರ ಮಾಡಲು ಮೂಲ ಕಡತವೇ ಇಲ್ಲದ ನಕಲು ಪ್ರತಿಗೆ ಹೋಲಿಸಬಹುದು.

8. ಅನುಮತಿಗೆ ಸಂಬಂಧಿಸಿದ ವಿಷಯಗಳು

(ಅ) ವನ್ಯಜೀವಿ ಅಧಿನಿಯಮದ ಅನುಸೂಚಿಯಲ್ಲಿರುವ ಪ್ರಾಣಿಗಳನ್ನು ಶಿಕ್ಷಣ ಅಥವಾ ವೈಜ್ಞಾನಿಕ ಸಂಶೋಧನೆಗಾಗಿ ಸಂಗ್ರಹಿಸಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿದ್ದು, ತುಂಡಾಗಿ ಬಿದ್ದ ಹವಳವನ್ನೂ ಅನುಮತಿಯಿಲ್ಲದೆ ತೆಗೆದುಕೊಳ್ಳುವಂತಿಲ್ಲ.

(ಆ) ಸಂರಕ್ಷಿತ ಪ್ರಾಣಿಯು ಬಲೆಗೆ ಸಿಕ್ಕಿತೆಂಬ ಮಾತ್ರಕ್ಕೆ ಅದನ್ನು ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ಜೀವಂತವಾಗಿದ್ದಲ್ಲಿ ಕೂಡಲೇ ನೀರಿಗೆ ಬಿಡುವುದು.

(ಇ) ಜೈವಿಕ ಸಂಪನ್ಮೂಲಗಳ ಬಳಕೆಗೆ ಜೀವವೈವಿಧ್ಯ ಅಧಿನಿಯಮ, 2002 ಅನ್ವಯಿಸುತ್ತದೆ. ಈ ಅಧಿನಿಯಮಕ್ಕೆ 2023ರಲ್ಲಿ ತಿದ್ದುಪಡಿಯಾಗಿದೆ. ವಾಣಿಜ್ಯ ಉದ್ದೇಶದ ಬಳಕೆಗೆ ಕರ್ನಾಟಕ ಜೀವವೈವಿಧ್ಯ ಮಂಡಳಿಯನ್ನೂ, ವಿದೇಶೀಯರ ಪಾಲ್ಗೊಳ್ಳುವಿಕೆ ಇರುವಲ್ಲಿ ಅಥವಾ ಮಾದರಿಯನ್ನು ಇಲ್ಲವೇ ಸಂಶೋಧನೆಯ ಫಲಿತಾಂಶವನ್ನು ವಿದೇಶಕ್ಕೆ ಕಳುಹಿಸಬೇಕಾದಲ್ಲಿ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನೂ ಮೊದಲೇ ಸಂಪರ್ಕಿಸತಕ್ಕದ್ದು.

(ಈ) ಹೊಸ ಪ್ರಭೇದ ಪತ್ತೆಯಾದಲ್ಲಿ ಅದರ ಮಾದರಿಯನ್ನು ಸದರಿ ಅಧಿನಿಯಮದ 39ನೆಯ ಪ್ರಕರಣದನ್ವಯ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸತಕ್ಕದ್ದು. ಪ್ರಾಣಿಗಳಿಗೆ ಸಂಬಂಧಿಸಿದಂತೆ ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯು ಇಂತಹ ಭಂಡಾರವಾಗಿದೆ.

(ಉ) ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ. ಅಲ್ಲಿ ಸಂಗ್ರಹಕಾರ್ಯ ಕೈಗೊಳ್ಳುವವರು ಸ್ಥಳೀಯ ಅರಣ್ಯಾಧಿಕಾರಿಗಳಿಗೆ ಮತ್ತು ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಮುಂಚಿತವಾಗಿ ತಿಳಿಸುವುದು ಉಚಿತ.

9. ವರದಿಯಲ್ಲಿ ಏನನ್ನು ನೋಡಬೇಕು?

ವರದಿಯು ಕೈಸೇರಿದಾಗ ಅರ್ಜಿದಾರರು ಈ ವಿವರಗಳಿವೆಯೇ ಎಂದು ಪರಿಶೀಲಿಸುವುದು: ಓದಲಾದ ವಂಶವಾಹಿ ಯಾವುದು, ಓದಿದ ಅಕ್ಷರಗಳ ಸಂಖ್ಯೆ ಎಷ್ಟು, ಹೋಲಿಕೆ ಬಂದ ಆಧಾರ ದಾಖಲೆಗಳು ಯಾವುವು, ಅವುಗಳ ಹಿಂದೆ ಸಾಕ್ಷಿ ಮಾದರಿ ಇದೆಯೇ, ಎರಡನೆಯ ಸ್ಥಾನದಲ್ಲಿರುವ ಪ್ರಭೇದಕ್ಕೂ ಮೊದಲನೆಯದಕ್ಕೂ ಇರುವ ಅಂತರ ಎಷ್ಟು, ದೇಹಲಕ್ಷಣಗಳನ್ನು ಯಾರು ಪರಿಶೀಲಿಸಿದರು. ಕೇವಲ ಹೆಸರು ಮತ್ತು ಶೇಕಡಾವಾರು ಮಾತ್ರ ಇರುವ ವರದಿಯು ಅಪೂರ್ಣವಾದುದು. ಅಂತಹ ಸಂದರ್ಭದಲ್ಲಿ ಉಳಿದ ವಿವರಗಳನ್ನು ಪ್ರಯೋಗಾಲಯದಿಂದ ಲಿಖಿತವಾಗಿ ಕೇಳಿ ಪಡೆಯುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಡಿಎನ್‌ಎ ಬಂದ ಮೇಲೆ ಹಳೆಯ ವರ್ಗೀಕರಣ ತಜ್ಞರ ಅವಶ್ಯಕತೆ ಇದೆಯೇ?
ಉತ್ತರ: ಇದೆ. ಡಿಎನ್‌ಎ ಸಾಲಿಗೆ ಹೆಸರನ್ನು ಜೋಡಿಸುವವರು ಪ್ರಾಣಿಯನ್ನು ನೋಡಿ ಗುರುತಿಸಬಲ್ಲ ತಜ್ಞರೇ. ಅವರಿಲ್ಲದೆ ದತ್ತಸಂಚಯವು ಹೆಸರಿಲ್ಲದ ಸಾಲುಗಳ ರಾಶಿಯಾಗುತ್ತದೆ.

ಪ್ರಶ್ನೆ: ಹೋಲಿಕೆಯ ದಾಖಲೆ ದೊರೆಯದಿದ್ದಲ್ಲಿ ಅದು ಹೊಸ ಪ್ರಭೇದವೇ?
ಉತ್ತರ: ಹಾಗೆ ಹೇಳಲಾಗುವುದಿಲ್ಲ. ಎಂದೋ ಹೆಸರು ಪಡೆದ ಪ್ರಾಣಿಯ ಡಿಎನ್‌ಎಯನ್ನು ಈವರೆಗೆ ಯಾರೂ ಓದಿ ದಾಖಲಿಸಿಲ್ಲವೆಂದಷ್ಟೇ ಇದರ ಅರ್ಥವಾಗಿರಬಹುದು.

ಪ್ರಶ್ನೆ: ಬೇಯಿಸಿದ ಅಥವಾ ಒಣಗಿಸಿದ ಸರಕನ್ನು ಪರೀಕ್ಷಿಸಬಹುದೇ?
ಉತ್ತರ: ಪರೀಕ್ಷಿಸಬಹುದು. ಆದರೆ ಡಿಎನ್‌ಎ ತುಂಡಾಗಿರುವ ಸಾಧ್ಯತೆಯಿರುವುದರಿಂದ ಚಿಕ್ಕ ಭಾಗವನ್ನು ಮಾತ್ರ ಓದಬೇಕಾಗಬಹುದು ಮತ್ತು ಫಲಿತಾಂಶದ ನಿಖರತೆ ಕಡಿಮೆಯಾಗಬಹುದು.

ಪ್ರಶ್ನೆ: ಸ್ಥಳೀಯ ಹೆಸರನ್ನು ನಮೂದಿಸುವುದು ಅವಶ್ಯಕವೇ?
ಉತ್ತರ: ಅವಶ್ಯಕ. ಕೆಸರು ಏಡಿಯ ವಿಷಯದಲ್ಲಿ ತಿಳಿಸಿದಂತೆ, ಮೀನುಗಾರರು ಬೇರೆಯೆಂದು ಕರೆಯುವ ಎರಡು ಬಗೆಗಳು ನಿಜವಾಗಿಯೂ ಬೇರೆ ಪ್ರಭೇದಗಳಾಗಿರಬಹುದು. ಆ ತಿಳಿವಳಿಕೆಯು ಪ್ರಯೋಗಾಲಯಕ್ಕೆ ಉತ್ತಮ ಸುಳಿವನ್ನು ನೀಡುತ್ತದೆ.

ಪ್ರಶ್ನೆ: ತಾಂತ್ರಿಕ ಮಾರ್ಗದರ್ಶನಕ್ಕೆ ಯಾರನ್ನು ಸಂಪರ್ಕಿಸಬಹುದು?
ಉತ್ತರ: ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಗಳೂರು ಮತ್ತು ಕಾರವಾರದ ಕೇಂದ್ರಗಳು, ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ ಹಾಗೂ ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವು ಈ ಕ್ಷೇತ್ರದಲ್ಲಿ ಕಾರ್ಯನಿರ್ವಹಿಸುತ್ತಿವೆ. ಪರೀಕ್ಷೆಯ ಲಭ್ಯತೆ ಮತ್ತು ಶುಲ್ಕವನ್ನು ಆಯಾ ಸಂಸ್ಥೆಯಲ್ಲಿಯೇ ವಿಚಾರಿಸುವುದು.

11. ಸೂಚನೆ

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಕಾನೂನಿನ ವಿಷಯದಲ್ಲಿ ಅಧಿನಿಯಮ ಮತ್ತು ನಿಯಮಗಳ ಅಧಿಕೃತ ಪಾಠವೇ ಅಂತಿಮವಾದುದು. ಅರ್ಜಿಯೊಂದಿಗೆ ಛಾಯಾಚಿತ್ರ, ಸಂಗ್ರಹ ವಿವರದ ಚೀಟಿಯ ಪ್ರತಿ, ಸಾಕ್ಷಿ ಮಾದರಿಯನ್ನು ಇರಿಸಿರುವ ಸ್ಥಳದ ವಿವರ ಮತ್ತು ಅವಶ್ಯವಿದ್ದಲ್ಲಿ ಅನುಮತಿ ಪತ್ರದ ಪ್ರತಿಯನ್ನು ಲಗತ್ತಿಸುವುದರಿಂದ ಅರ್ಜಿಯ ವಿಲೇವಾರಿ ಸುಗಮವಾಗುತ್ತದೆ.